ಆನೆಮುಡಿಯ ನೆತ್ತಿಯ ಕಪ್ಪೆ

ಮಳೆ ಹಿಡಿದ ಮೇಲೆ ಬಚ್ಚಲಲ್ಲಿ ಕಪ್ಪೆ ಕಾಣುವುದು ಹೊಸದೇನಲ್ಲ. ಈ ವಾರ ಬಂದದ್ದನ್ನು ಮನೆಯವರು ಚೊಂಬಿನಲ್ಲಿ ಹಿಡಿದು ಹಿತ್ತಿಲಿಗೆ ಬಿಟ್ಟರು. ರಾತ್ರಿ ನೋಡಿದರೆ ಮತ್ತೆ ಹಾಜರು. ಹಿತ್ತಿಲು, ಬಚ್ಚಲು, ಪಕ್ಕದ ಮನೆಯ ತೊಟ್ಟಿ, ಎಲ್ಲವೂ ಅದಕ್ಕೆ ಒಗ್ಗುತ್ತದೆ. ಹಾಗೆ ಒಗ್ಗದ ಅದರ ನೆಂಟನೊಬ್ಬನಿದ್ದಾನೆ.

ಕೇರಳದ ಇರವಿಕುಳಂ ರಾಷ್ಟ್ರೀಯ ಉದ್ಯಾನದ ಆನೆಮುಡಿ ಶಿಖರ 2,695 ಮೀಟರ್ ಎತ್ತರ. ಪಶ್ಚಿಮ ಘಟ್ಟದಲ್ಲಿ ಅದನ್ನು ಮೀರಿದ್ದಿಲ್ಲ. ಆ ನೆತ್ತಿಯ ಹುಲ್ಲಿನ ಬುಡದಲ್ಲಿ, ಕುಳ್ಳ ಬಿದಿರಿನ ಮೆಳೆಯಲ್ಲಿ, ಒಂದಂಗುಲದಷ್ಟು ಕಪ್ಪೆಯೊಂದು ಬದುಕುತ್ತದೆ. ಕಿತ್ತಳೆಗೆಂಪು ಮೈ, ಅದರ ಮೇಲೆ ಉಬ್ಬುಬ್ಬು ಗ್ರಂಥಿಗಳು. ಹುಟ್ಟಿದ್ದು ಮರಗಪ್ಪೆಗಳ ವಂಶದಲ್ಲಿ, ಬಾಳುವುದು ನೆಲದ ಮೇಲೆ. ಗಿಡ್ಡ ಕಾಲು ಬೇರೆ, ಪಾಪ. ಮರಿ ಮಾಡಲು ಕೊಳವೂ ಬೇಡ. ಗೊದಮೊಟ್ಟೆಯ ಹಂತವೇ ಇಲ್ಲ, ಮೊಟ್ಟೆಯಿಂದ ನೇರವಾಗಿ ಮರಿಗಪ್ಪೆಯೇ ಹೊರಬರುತ್ತದೆ. ಮೆಳೆಯ ಬುಡ ಮಾತ್ರ ತೇವ ಆರದೆ ತಂಪಾಗಿರಬೇಕು. ಇದರ ಸೀಮೆಯೆಲ್ಲ ಸೇರಿ ಕೆಲವೇ ಚದರ ಕಿಲೋಮೀಟರ್. ಸೆಖೆ ಏರಿದರೆ ಬೆಟ್ಟದ ಬುಡದ ಜೀವಿಗಳು ಒಂದಿಷ್ಟು ಮೇಲಕ್ಕೆ ಸರಿದಾವು. ನೆತ್ತಿಯಲ್ಲೇ ಇರುವುದು ಎಲ್ಲಿಗೆ ಹೋದೀತು?

ಇದರ ಕುಲದ ಹೆಸರು ರಾವೋರ್ಕೆಸ್ಟೆಸ್. ಅದರಲ್ಲಿರುವ ರಾವ್ ನಮ್ಮವರೇ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಮೇಷ್ಟರಾಗಿದ್ದ ಸಿ. ಆರ್. ನಾರಾಯಣ ರಾವ್. ಕೊಟ್ಟಿಗೆಹಾರ, ಕೆಂಪುಹೊಳೆ ಕಡೆಯ ಕಪ್ಪೆಗಳನ್ನು 1937ರಲ್ಲಿ ವಿಜ್ಞಾನಕ್ಕೆ ಪರಿಚಯಿಸಿದವರು. 1932ರಲ್ಲಿ ಬೆಂಗಳೂರಿನಲ್ಲಿ ಶುರುವಾದ ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರೂ ಹೌದು. ಎಸ್. ಡಿ. ಬಿಜು ಮತ್ತು ಸಂಗಡಿಗರು 2010ರಲ್ಲಿ ಆನೆಮುಡಿಯ ಕಪ್ಪೆಗೆ ಹೆಸರಿಟ್ಟು, ಅದರ ಕುಲಕ್ಕೆ ರಾಯರ ಹೆಸರು ಸೇರಿಸಿ ಬರೆದದ್ದು ಅದೇ ಪತ್ರಿಕೆಯಲ್ಲಿ. ಮೇಷ್ಟರಿಗೆ ಇದಕ್ಕಿಂತ ಒಳ್ಳೆಯ ಗುರುದಕ್ಷಿಣೆ ನನಗಂತೂ ತೋಚುವುದಿಲ್ಲ.

ರಾಯರು ಜೋಪಾನವಾಗಿ ಇಟ್ಟಿದ್ದ ಕಪ್ಪೆಯ ಮಾದರಿಗಳು ಕಾಲಾಂತರದಲ್ಲಿ ಕಳೆದುಹೋದವು. ಆದರೆ ಮಲೆನಾಡಿನ ಹಳ್ಳಗಳು ಉಳಿದಿದ್ದವು, ಹಾಗಾಗಿ ಎಷ್ಟೋ ವರ್ಷಗಳ ಮೇಲೆ ಹುಡುಕಿಹೋದವರಿಗೆ ಕೊಟ್ಟಿಗೆಹಾರದ ಕಪ್ಪೆ ಮತ್ತೆ ಸಿಕ್ಕಿತು.

ಈ ಮಳೆಗಾಲ ನೀವು ಮುಳ್ಳಯ್ಯನಗಿರಿಗೋ ಕುದುರೆಮುಖಕ್ಕೋ ಹೊರಟಿರಬಹುದು. ಅಲ್ಲಿನ ಹುಲ್ಲಿನ ಬುಡದಲ್ಲೂ ಯಾವುದೋ ಕಪ್ಪೆಯ ಮನೆ ಇದ್ದೀತು. ಫೋಟೋಗಾಗಿ ಹುಲ್ಲಿಗೆ ಇಳಿಯಬೇಡಿ, ಕಾಲುದಾರಿಯಲ್ಲೇ ನಡೆಯಿರಿ.