ಮನಃಶಾಸ್ತ್ರ ಓದೋಕೆ ಕನ್ನಡ ಯಾಕಮ್ಮ ಬೇಕು?



ನಾನು ಬಿ.ಎ.ಗೆ ಸೇರಿದ್ದು 2016ರಲ್ಲಿ, ಮೈಸೂರಿನ ಒಂದು ಕಾಲೇಜಲ್ಲಿ. ಆರಿಸಿಕೊಂಡ ಮೂರು ವಿಷಯ: ಮನಃಶಾಸ್ತ್ರ, ಸಮಾಜಶಾಸ್ತ್ರ, ಐಚ್ಛಿಕ ಕನ್ನಡ. ಅರ್ಜಿ ನೋಡಿದ ನಮ್ಮ ಮಾವ ಒಂದೇ ಮಾತು ಕೇಳಿದ್ರು: "ಹುಚ್ಚರ ಡಾಕ್ಟ್ರು ಆಗೋಕೆ ಕನ್ನಡ ಯಾಕಮ್ಮ ಬೇಕು?"

ಆ ಒಂದು ವಾಕ್ಯದಲ್ಲಿ ಎರಡು ತಪ್ಪಿತ್ತು. ಬಿ.ಎ. ಓದಿದ್ರೆ ಯಾರೂ ಡಾಕ್ಟ್ರು ಆಗಲ್ಲ. ಮನಸ್ಸಿನ ಡಾಕ್ಟ್ರ ಹತ್ತಿರ ಹೋಗೋರೆಲ್ಲ ಹುಚ್ಚರೂ ಅಲ್ಲ. ಆದ್ರೆ ಪ್ರಶ್ನೆ ಮಾತ್ರ ಸರಿಯಾಗೇ ಇತ್ತು. ಮನಃಶಾಸ್ತ್ರದ ಜೊತೆಗೆ ಕನ್ನಡ ಯಾಕೆ? ಉತ್ತರ ಸಿಗೋಕೆ ನನಗೆ ಎರಡು ವರ್ಷ ಬೇಕಾಯ್ತು. ಆ ಎರಡು ವರ್ಷದಲ್ಲಿ ನಾನೊಂದು ದೊಡ್ಡ ತಪ್ಪು ಮಾಡಿದೆ. ಇವತ್ತು ಅದನ್ನೇ ಹೇಳ್ತೀನಿ.

ಮೊದಲು, ಮನಃಶಾಸ್ತ್ರದ ಕ್ಲಾಸಲ್ಲಿ ಏನಿರತ್ತೆ ಅಂತ ಹೇಳಿಬಿಡ್ತೀನಿ. ಈ ವಿಷಯ ತಗೊಂಡೆ ಅಂದ ತಕ್ಷಣ ನೆಂಟರೆಲ್ಲ ಕೇಳ್ತಾರೆ, "ಹಾಗಾದ್ರೆ ನನ್ನ ಮನಸ್ಸಲ್ಲಿ ಏನಿದೆ ಹೇಳು ನೋಡೋಣ." ನಿಜ ಹೇಳ್ಬೇಕು ಅಂದ್ರೆ, ನಾನೂ ಅದೇ ಆಸೆಯಿಂದ ಸೇರಿದ್ದೆ. ಸಿಕ್ಕಿದ್ದು ಬೇರೆ. ಸರಾಸರಿ, ಮಧ್ಯಾಂಕ, ಬಹುಲಕ, ಸ್ಟ್ಯಾಂಡರ್ಡ್ ಡೀವಿಯೇಷನ್. ಲೆಕ್ಕ ತಪ್ಪಿಸ್ಕೊಳ್ಳೋಕೆ ಆರ್ಟ್ಸಿಗೆ ಬಂದವಳ ಎದುರಿಗೆ ಮತ್ತೆ ಲೆಕ್ಕ! ಅದರ ಮೇಲೆ ಪ್ರಾಕ್ಟಿಕಲ್, ರೆಕಾರ್ಡ್ ಬುಕ್.

ಮೊದಲ ವರ್ಷ ಮಾಡಿದ ಒಂದು ಪ್ರಯೋಗ ಇವತ್ತಿಗೂ ಇಷ್ಟ. ಮ್ಯೂಲರ್-ಲಾಯರ್ ಭ್ರಮೆ. ಒಂದೇ ಉದ್ದದ ಎರಡು ಗೆರೆ. ಒಂದರ ತುದಿಗಳಲ್ಲಿ ಬಾಣದ ಮೊನೆ ಒಳಗೆ ಮಡಚಿದ ಹಾಗೆ, ಇನ್ನೊಂದರಲ್ಲಿ ಹೊರಗೆ ಚಾಚಿದ ಹಾಗೆ. ಹೊರಗೆ ಚಾಚಿದ್ದು ಉದ್ದ ಕಾಣತ್ತೆ. ಸ್ಕೇಲಲ್ಲಿ ಅಳೆದು ಎರಡೂ ಒಂದೇ ಅಂತ ಗೊತ್ತಾದ ಮೇಲೂ ಕಣ್ಣು ಒಪ್ಪಲ್ಲ. ಮನುಷ್ಯರ ಕಣ್ಣು ಇರೋದೇ ಹೀಗೆ ಅಂತ ರೆಕಾರ್ಡಲ್ಲಿ ಬರೆದು ಸಹಿ ಹಾಕಿಸ್ಕೊಂಡೆ. ಆ ವಾಕ್ಯ ನೆನಪಿಟ್ಕೊಳ್ಳಿ, ಆಮೇಲೆ ಅದಕ್ಕೆ ವಾಪಸ್ ಬರ್ತೀನಿ.

ಎರಡನೇ ವರ್ಷ. ಹಾಸ್ಟೆಲ್ಲಲ್ಲಿ ನನ್ನ ರೂಮ್‌ಮೇಟ್ ರಾಯಚೂರು ಕಡೆಯವಳು. ಚೆನ್ನಾಗಿ ಓದೋಳು, ರೂಮಲ್ಲಿ ಎಲ್ಲರಿಗಿಂತ ಜಾಸ್ತಿ ನಗೋಳು. ಒಂದು ತಿಂಗಳಲ್ಲಿ ಬದಲಾದಳು. ಊಟಕ್ಕೆ ಬರಲ್ಲ. ರಾತ್ರಿ ಎದ್ದು ಕೂತಿರ್ತಾಳೆ. ಕ್ಲಾಸಿಗೆ ಹೋಗಲ್ಲ. ಏನಾಯ್ತೇ ಅಂತ ಕೇಳಿದೆ. ಅವಳು ಹೇಳಿದ್ದು ಇಷ್ಟೇ: "ಜೀವಕ್ಕ ಸಮಾಧಾನ ಇಲ್ಲ ನೋಡು."

ಆಗಷ್ಟೇ ನಾನು ಲೈಬ್ರರಿಯಿಂದ ಒಂದು ದಪ್ಪ ಪುಸ್ತಕ ತಂದಿದ್ದೆ. ಖಿನ್ನತೆಗೆ ಒಂಬತ್ತು ಲಕ್ಷಣ, ಎರಡು ವಾರದಲ್ಲಿ ಕನಿಷ್ಠ ಐದು ಇರಬೇಕು ಅಂತ ಅದರಲ್ಲಿ ಪಟ್ಟಿ ಇತ್ತು. ನಿದ್ದೆ ಇಲ್ಲ, ಟಿಕ್. ಹಸಿವು ಇಲ್ಲ, ಟಿಕ್. ಯಾವುದರಲ್ಲೂ ಆಸಕ್ತಿ ಇಲ್ಲ, ಟಿಕ್. ಐದು ದಾಟಿತು. ಅವಳ ಎದುರಿಗೆ ಕೂತು ದೊಡ್ಡ ಡಾಕ್ಟ್ರ ಥರ ಹೇಳಿದೆ: "ನಿನಗೆ ಡಿಪ್ರೆಷನ್ ಇದೆ ಕಣೇ."

ಅವಳು ಏನೂ ಹೇಳಲಿಲ್ಲ. ಆವತ್ತಿನಿಂದ ನನ್ನ ಜೊತೆ ಮಾತು ಬಿಟ್ಟಳು. ಹತ್ತು ದಿನಕ್ಕೆ ಬ್ಯಾಗ್ ತುಂಬ್ಕೊಂಡು ಊರಿಗೆ ಹೋದಳು. ಆ ಸೆಮಿಸ್ಟರ್ ಪರೀಕ್ಷೆಗೆ ಬರಲೇ ಇಲ್ಲ.

ಅವಳು ಹೋದ ಮೇಲೆ ಒಂದು ದಿನ ಐಚ್ಛಿಕ ಕನ್ನಡದ ಕ್ಲಾಸಲ್ಲಿ ಮೇಡಂ ಒಂದು ಜನಪದ ಕಥೆ ಹೇಳಿದ್ರು. ಎ.ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡದ ಕಥೆ. ಒಬ್ಬಳು ಹೆಂಗಸಿಗೆ ಒಂದು ಕಥೆ, ಒಂದು ಹಾಡು ಗೊತ್ತಿತ್ತು. ಯಾರಿಗೂ ಹೇಳ್ತಿರಲಿಲ್ಲ. ಕಥೆಗೂ ಹಾಡಿಗೂ ಒಳಗೇ ಉಸಿರುಕಟ್ಟಿತು. ಒಂದು ದಿನ ಅವಳು ಬಾಯಿ ತೆರೆದು ಮಲಗಿದ್ದಾಗ ಕಥೆ ಹೊರಬಿತ್ತು. ಜೋಡು ಆಗಿ ಬಾಗಿಲ ಹೊರಗೆ ಕೂತಿತು. ಹಾಡು ಗಂಡಸಿನ ಕೋಟಾಗಿ ಗೂಟಕ್ಕೆ ನೇತುಬಿತ್ತು. ಗಂಡ ಬಂದ, ನೋಡಿದ, "ಯಾರು ಬಂದಿದ್ದರು?" ಅಂದ. ಅವಳಿಗೆ ಗೊತ್ತಿಲ್ಲ. ಜಗಳ ಆಯ್ತು, ಅವನು ಹನುಮಂತನ ಗುಡಿಗೆ ಹೋಗಿ ಮಲಗಿದ. ಆ ಊರಲ್ಲಿ ಮನೆಮನೆಯ ದೀಪಗಳು ಆರಿಸಿದ ಮೇಲೆ ಆ ಗುಡಿಗೆ ಬಂದು ಮಾತಾಡ್ತಿದ್ದವು. ಅವನ ಮನೆ ದೀಪ ತಡವಾಗಿ ಬಂದು ನಡೆದಿದ್ದೆಲ್ಲ ಹೇಳಿತು. ಗಿರೀಶ ಕಾರ್ನಾಡರ 'ನಾಗಮಂಡಲ' ನಾಟಕದಲ್ಲಿ ದೀಪಗಳು ಸೇರ್ತವಲ್ಲ, ಅದರ ಬೇರು ಇಲ್ಲೇ ಇರೋದು.

ಕಥೆಯ ಕೊನೆ ಏನು ಗೊತ್ತಾ? ಗಂಡ ಮನೆಗೆ ಬಂದು ಹೆಂಡತಿಯನ್ನ ಕೇಳ್ತಾನೆ, ನಿನ್ನ ಕಥೆ ಏನು, ನಿನ್ನ ಹಾಡು ಏನು ಅಂತ. ಅವಳಿಗೆ ಅಷ್ಟೊತ್ತಿಗೆ ಎರಡೂ ಮರೆತುಹೋಗಿತ್ತು.

ಕ್ಲಾಸೆಲ್ಲ ನಕ್ಕಿತು. ನನಗೆ ಎದೆ ಧಸಕ್ ಅಂತು. ಅವನು ಜೋಡು ನೋಡಿದ, ಕೋಟು ನೋಡಿದ, ತೀರ್ಮಾನ ಮಾಡಿದ. ನಾನು ನಿದ್ದೆ ನೋಡಿದೆ, ಹಸಿವು ನೋಡಿದೆ, ತೀರ್ಮಾನ ಮಾಡಿದೆ. ನಿನ್ನ ಕಥೆ ಏನು ಅಂತ ಕೇಳಲಿಲ್ಲ.

ಅವತ್ತು ಸಂಜೆ ಅವಳಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ನಾಲ್ಕನೇ ದಿನ ಎತ್ತಿದಳು. ಮನೇಲಿ ಎರಡು ವರ್ಷ ಬೆಳೆ ಕೈಕೊಟ್ಟಿತ್ತು, ಅಪ್ಪನಿಗೆ ಸಾಲ ಇತ್ತು. ಓದು ಬಿಡಿಸಿ ಮದುವೆ ಮಾಡೋ ಮಾತು ನಡೀತಿತ್ತು. ಒಪ್ಪಿಕೊಳ್ಳೋಕೂ ಆಗ್ತಿಲ್ಲ, ಅಪ್ಪನ ಮುಖ ನೋಡಿ ಬೇಡ ಅನ್ನೋಕೂ ಆಗ್ತಿಲ್ಲ. ಇದನ್ನೆಲ್ಲ ನನಗೆ ಹೇಳಬೇಕು ಅಂತಲೇ ಅವಳು ಆವತ್ತು ಬಾಯಿ ತೆರೆದಿದ್ದು. "ನೀ ನನ್ ಮಾತು ಎಲ್ಲಿ ಕೇಳ್ದಿ? ಪಟ್ಟಿ ನೋಡಿ ಟಿಕ್ ಹಾಕ್ಲಿಕತ್ತಿದ್ದಿ," ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಅವಳಿಗೆ ಖಿನ್ನತೆ ಇತ್ತಾ? ಇದ್ದಿರಬಹುದು. ಸಾಲ, ಮದುವೆ ಇದ್ದ ಮಾತ್ರಕ್ಕೆ ಕಾಯಿಲೆ ಇಲ್ಲ ಅಂತ ಅರ್ಥ ಅಲ್ಲ. ಅದನ್ನ ಹೇಳಬೇಕಾದವರು ತರಬೇತಿ ಇರೋರು. ನಾನು ಮಾಡಬೇಕಾಗಿದ್ದು ಎರಡೇ ಕೆಲಸ. ಕೇಳಿಸ್ಕೊಳ್ಳೋದು, ಆಮೇಲೆ ಅಂಥವರ ಹತ್ತಿರ ಜೊತೆಗೆ ಹೋಗೋದು. ಅವಳು ಮುಂದೆ ಊರ ಹತ್ತಿರದ ಕಾಲೇಜಲ್ಲಿ ಡಿಗ್ರಿ ಮುಗಿಸಿದಳು. ಆದ್ರೆ ಒಂದು ವರ್ಷ ಹೋಯ್ತು.

ಈಗ ಆ ಗೆರೆಗಳ ವಿಷಯಕ್ಕೆ ಬರ್ತೀನಿ. ಮನುಷ್ಯರ ಕಣ್ಣು ಇರೋದೇ ಹೀಗೆ ಅಂತ ಬರೆದಿದ್ದೆನಲ್ಲ, ಅದು ಪೂರ್ತಿ ನಿಜ ಅಲ್ಲ. 1966ರಲ್ಲಿ ಸೀಗಲ್, ಕ್ಯಾಂಪ್‌ಬೆಲ್, ಹರ್ಸ್ಕೊವಿಟ್ಸ್ ಅನ್ನೋ ಮೂವರು ವಿದ್ವಾಂಸರು ಇದೇ ಪ್ರಯೋಗವನ್ನ ಬೇರೆ ಬೇರೆ ಸಮುದಾಯಗಳಲ್ಲಿ ಮಾಡಿ ಪ್ರಕಟಿಸಿದ್ರು. ಅಮೆರಿಕದವರು ಚೆನ್ನಾಗಿ ಮೋಸ ಹೋದ್ರು. ಆಫ್ರಿಕಾದ ಕಲಹರಿಯ ಸಾನ್ ಜನರಿಗೆ ಎರಡೂ ಗೆರೆ ಹೆಚ್ಚುಕಡಿಮೆ ಒಂದೇ ಕಂಡವು. ಮೂಲೆಮೂಲೆಯ ಚೌಕ ಮನೆಗಳಲ್ಲಿ ಬೆಳೆದ ಕಣ್ಣು ಬೇರೆ, ಬಯಲಲ್ಲಿ ಬೆಳೆದ ಕಣ್ಣು ಬೇರೆ ಅನ್ನೋದು ಅವರು ಕೊಟ್ಟ ವಿವರಣೆ. 2008ರಲ್ಲಿ ಜೆಫ್ರಿ ಆರ್ನೆಟ್ ಅಮೆರಿಕದ ಪ್ರಮುಖ ಮನಃಶಾಸ್ತ್ರ ಪತ್ರಿಕೆಗಳನ್ನ ತೆಗೆದು ನೋಡಿದ್ರು. ಅಧ್ಯಯನಕ್ಕೆ ಒಳಗಾದವರಲ್ಲಿ 96 ಪರ್ಸೆಂಟ್ ಪಾಶ್ಚಾತ್ಯ ಕೈಗಾರಿಕಾ ದೇಶದವರು. ಜಗತ್ತಿನ ಜನಸಂಖ್ಯೆಯಲ್ಲಿ ಆ ದೇಶಗಳ ಪಾಲು 12 ಪರ್ಸೆಂಟ್.

ಹಾಗಂತ ಪುಸ್ತಕ ಸುಳ್ಳು ಅನ್ನಬೇಡಿ. ಆ ಲೆಕ್ಕ, ಆ ಪ್ರಯೋಗ ಇಲ್ಲದೇ ಇದ್ರೆ ನಮಗೆ ತೋಚಿದ್ದೆಲ್ಲ ಸತ್ಯ ಆಗಿಬಿಡತ್ತೆ. ಆದ್ರೆ ಪುಸ್ತಕಕ್ಕೂ ನಮ್ಮ ಎದುರಿಗೆ ಕೂತ ಮನುಷ್ಯರಿಗೂ ನಡುವೆ ಒಂದು ಹಳ್ಳ ಇದೆ. "ಎದೆ ಭಾರ", "ತಲೆ ಕೆಟ್ಟೋಗಿದೆ", "ಜೀವಕ್ಕ ಸಮಾಧಾನ ಇಲ್ಲ". ಈ ಮಾತುಗಳಿಗೆ ಒಂದೊಂದಕ್ಕೂ ಬೇರೆ ತೂಕ. ಎಲ್ಲವನ್ನೂ ಡಿಪ್ರೆಷನ್ ಅನ್ನೋ ಒಂದೇ ಡಬ್ಬಕ್ಕೆ ಹಾಕಿದ್ರೆ ಮನುಷ್ಯ ಹೊರಗೇ ಉಳೀತಾನೆ. ಆ ಮಾತಿನ ತೂಕ ನನಗೆ ಕಲಿಸಿದ್ದು ಕನ್ನಡ. ಮನೇಲಿ ಏನು ನಡೀತಿದೆ, ಜಮೀನು ಯಾರದು, ತೀರ್ಮಾನ ಯಾರದು ಅಂತ ಕೇಳೋಕೆ ಕಲಿಸಿದ್ದು ಸಮಾಜಶಾಸ್ತ್ರ. ಮಾವನ ಪ್ರಶ್ನೆಗೆ ಇದೇ ನನ್ನ ಉತ್ತರ.

ಇದು ನಾನು ಹೊಸದಾಗಿ ಕಂಡುಹಿಡಿದದ್ದೇನೂ ಅಲ್ಲ. ಮೈಸೂರಿನ ಮಹಾರಾಜ ಕಾಲೇಜಲ್ಲಿ 1924ರಲ್ಲೇ ಮನಃಶಾಸ್ತ್ರ ವಿಭಾಗ ಶುರುವಾಯ್ತು. ಅದನ್ನ ಕಟ್ಟಿದವರು ಲಂಡನ್ನಲ್ಲಿ ಸ್ಪಿಯರ್‌ಮನ್ ಹತ್ತಿರ ಓದಿ ಬಂದ ಎಂ.ವಿ. ಗೋಪಾಲಸ್ವಾಮಿ. ಅದೇ ಮೇಷ್ಟ್ರು 1935ರಲ್ಲಿ ತಮ್ಮ ಮನೆ 'ವಿಠ್ಠಲ ವಿಹಾರ'ದಿಂದ ಒಂದು ರೇಡಿಯೋ ಕೇಂದ್ರ ಶುರು ಮಾಡಿದ್ರು. ಅದರ ಹೆಸರು 'ಆಕಾಶವಾಣಿ'. ಇವತ್ತು ದೇಶದ ರೇಡಿಯೋಗೆಲ್ಲ ಇರೋ ಹೆಸರು. ನೀವೀಗ ಕಿವಿಗೆ ಇಯರ್‌ಫೋನ್ ಸಿಕ್ಕಿಸ್ಕೊಂಡು ಕೇಳ್ತಿದ್ದೀರಲ್ಲ, ಹೀಗೆ ಮನೆಮನೆಗೆ ಮಾತು ಮುಟ್ಟಿಸೋ ಕೆಲಸ ನಮ್ಮೂರಲ್ಲಿ ಶುರು ಮಾಡಿದ್ದು ಒಬ್ಬ ಮನಃಶಾಸ್ತ್ರದ ಮೇಷ್ಟ್ರು. ಆ ಕಥೆ ಸಂಗ್ರಹಿಸಿದ ರಾಮಾನುಜನ್ ಓದಿದ್ದೂ ಮಹಾರಾಜ ಕಾಲೇಜಲ್ಲೇ.

ಈಗ ಸೇರೋಕೆ ಯೋಚನೆ ಮಾಡ್ತಿರೋರಿಗೆ ನಾಲ್ಕು ಮಾತು.

ಒಂದು. ಕರ್ನಾಟಕದಲ್ಲಿ 2024ರಿಂದ ಮತ್ತೆ ಮೂರು ವರ್ಷದ ಪದವಿ, ಮೂರು ಮುಖ್ಯ ವಿಷಯ ಬಂದಿದೆ. ಮನಃಶಾಸ್ತ್ರದ ಜೊತೆಗಿರೋ ಎರಡನ್ನ "ಸುಲಭ ಯಾವುದು" ಅಂತ ಆರಿಸಬೇಡಿ. ಇತಿಹಾಸ, ಪತ್ರಿಕೋದ್ಯಮ, ಇಂಗ್ಲಿಷ್, ಕನ್ನಡ, ಯಾವುದಾದ್ರೂ ಸರಿ. ಮನುಷ್ಯರನ್ನ ಇನ್ನೊಂದು ಕಡೆಯಿಂದ ತೋರಿಸೋ ವಿಷಯ ಇರಲಿ.

ಎರಡು. ಬಿ.ಎ. ಮುಗಿದ ತಕ್ಷಣ ಬೋರ್ಡ್ ಹಾಕೋ ಹಾಗಿಲ್ಲ. ಮನೋವೈದ್ಯರಾಗೋಕೆ ಎಂಬಿಬಿಎಸ್ ಬೇಕು, ಅದರ ಮೇಲೆ ಮನೋವೈದ್ಯಕೀಯದ ಓದು ಬೇಕು. ಕ್ಲಿನಿಕಲ್ ಸೈಕಾಲಜಿಸ್ಟ್ ಆಗೋಕೆ ಭಾರತೀಯ ಪುನರ್ವಸತಿ ಮಂಡಳಿ, ಅಂದ್ರೆ ಆರ್‌ಸಿಐ, ಒಪ್ಪಿದ ಕೋರ್ಸ್ ಮತ್ತು ನೋಂದಣಿ ಬೇಕು. ಮನೇಲಿ ಇದನ್ನ ಮೊದಲೇ ಹೇಳಿಬಿಡಿ. ಮೂರು ವರ್ಷಕ್ಕೆ ಮುಗಿಯೋ ದಾರಿ ಅಲ್ಲ ಇದು, ದುಡ್ಡಿನ ಲೆಕ್ಕವೂ ಹಾಕಬೇಕು.

ಮೂರು. ದೂರಶಿಕ್ಷಣದಲ್ಲಿ ಮಾಡೋಣ ಅಂದ್ಕೊಂಡಿದ್ರೆ, 2025ರಲ್ಲಿ ಯುಜಿಸಿ ದೂರಶಿಕ್ಷಣ ಮತ್ತು ಆನ್‌ಲೈನಲ್ಲಿ ಮನಃಶಾಸ್ತ್ರ ನಿಲ್ಲಿಸಿ ಅಂತ ವಿಶ್ವವಿದ್ಯಾಲಯಗಳಿಗೆ ಹೇಳಿದೆ. ಜಾಹೀರಾತು ನೋಡಿ ಫೀಸ್ ಕಟ್ಟೋ ಮುಂಚೆ ವಿಚಾರಿಸಿ.

ನಾಲ್ಕು. ಮುಂದೆ ಮನಃಶಾಸ್ತ್ರ ಬಿಟ್ಟರೂ ನಷ್ಟ ಇಲ್ಲ. ನನ್ನ ಕ್ಲಾಸಿನವರು ಬಿ.ಎಡ್. ಮಾಡಿದ್ದಾರೆ, ಕಂಪನಿಗಳ ಎಚ್‌ಆರ್‌ನಲ್ಲಿ ಇದ್ದಾರೆ, ಸುದ್ದಿಮನೆಯಲ್ಲಿ ಇದ್ದಾರೆ. ಯುಪಿಎಸ್‌ಸಿಗೆ ಓದೋರಿಗೆ ಮನಃಶಾಸ್ತ್ರ ಐಚ್ಛಿಕ ವಿಷಯವೂ ಹೌದು.

ನಾನು ಎಂ.ಎಸ್ಸಿ. ಮಾಡಿ ಈಗ ಒಂದು ಹೈಸ್ಕೂಲಲ್ಲಿ ಆಪ್ತಸಮಾಲೋಚಕಿ. ಹೋದ ವರ್ಷ ಏಳನೇ ಕ್ಲಾಸಿನ ಒಬ್ಬ ಹುಡುಗ ಪ್ರತಿ ಸೋಮವಾರ ಹೊಟ್ಟೆನೋವು ಅಂತ ಬರ್ತಿದ್ದ. ಡಾಕ್ಟ್ರು ಪರೀಕ್ಷೆ ಮಾಡಿ ಏನೂ ಇಲ್ಲ ಅಂದಿದ್ರು. ನನ್ನ ತಲೆಯೊಳಗೆ ಪಟ್ಟಿ ಈಗಲೂ ತೆರೆದುಕೊಳ್ಳತ್ತೆ, ಸುಳ್ಳು ಹೇಳಲ್ಲ. ಅದನ್ನ ಬದಿಗಿಟ್ಟು ಕೇಳಿದೆ, "ಭಾನುವಾರ ಏನೇನು ಮಾಡ್ದೆ, ಬೆಳಗಿಂದ ಹೇಳು ಪುಟ್ಟಾ." ಅವನು ಹೇಳೋಕೆ ನಲವತ್ತು ನಿಮಿಷ ತಗೊಂಡ. ಬೆಲ್ ಆಯ್ತು, ಅವನು ಏಳಲಿಲ್ಲ. ನಾನೂ ಏಳಲಿಲ್ಲ.

ನಿಮ್ಮ ಪಕ್ಕದಲ್ಲೂ ಯಾರಾದ್ರೂ "ಸಮಾಧಾನ ಇಲ್ಲ" ಅಂತ ಅಂದಿದ್ರೆ, ಹೆಸರಿಡೋಕೆ ಹೋಗಬೇಡಿ, ಕೇಳಿ. ನಿಮ್ಮ ಕೈಲಿ ಆಗ್ತಿಲ್ಲ ಅನ್ನಿಸಿದ್ರೆ, ಅಥವಾ ನಿಮಗೇ ಹಾಗಾಗ್ತಿದ್ರೆ, ಟೆಲಿ-ಮಾನಸ್ ಇದೆ. ನಂಬರ್ 14416. ಕಾಲ್ ಮಾಡೋಕೆ ದುಡ್ಡಿಲ್ಲ, ಹಗಲು ರಾತ್ರಿ ಇರತ್ತೆ, ಕನ್ನಡದಲ್ಲೇ ಮಾತಾಡಬಹುದು.