ಸಕ್ಕರೆ ಎಲ್ಲಿಂದ ಬರಬೇಕು?



ಗಾಳಿಯ ಸಾರಜನಕ ಹಿಡಿಯುವ ಮಣ್ಣಿನ ಜೀವಾಣುಗಳಲ್ಲಿ ಅಜೋಸ್ಪಿರಿಲಂ, ರೈಜೋಬಿಯಂಗಳನ್ನು ನನಗಿಂತ ಚೆನ್ನಾಗಿ ಬಲ್ಲವರು ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ಅವರ ಮಾತು ಮಧ್ಯಾಹ್ನ ಇದ್ದೇ ಇದೆ. ಈ ಆಶಯ ಭಾಷಣದಲ್ಲಿ ನಾನು ಅಜಟೋಬ್ಯಾಕ್ಟರ್ ಒಂದನ್ನೇ ಹಿಡಿದುಕೊಳ್ಳುತ್ತೇನೆ.

1901ರಲ್ಲಿ ವಿಜ್ಞಾನಿ ಬೈಯೆರಿಂಕ್ ಇದನ್ನು ವಿವರಿಸಿದರು. ಸಾರಜನಕ ಸ್ಥಿರೀಕರಿಸುವ ನೈಟ್ರೋಜಿನೇಸ್ ಕಿಣ್ವಕ್ಕೆ ಆಮ್ಲಜನಕವೇ ವಿಷ. ಬೇರ್ಪಡಿಸಿ ಗಾಳಿಗೊಡ್ಡಿದರೆ, ಅದರ ಕಬ್ಬಿಣದ ಪ್ರೋಟೀನಿನ ಅರ್ಧ ಶಕ್ತಿ ಒಂದು ನಿಮಿಷದೊಳಗೇ ಹೋಗುತ್ತದೆ. ಆದರೂ ಈ ಜೀವಾಣು ಗಾಳಿಯಲ್ಲೇ ಬದುಕಿ ಗಾಳಿಯಲ್ಲೇ ಸಾರಜನಕ ಹಿಡಿಯುತ್ತದೆ. ಹೇಗೆ? ಸಕ್ಕರೆಯನ್ನು ಭರದಿಂದ ಉರಿಸಿ, ಒಳನುಗ್ಗಿದ ಆಮ್ಲಜನಕವನ್ನು ಕಿಣ್ವ ಮುಟ್ಟುವ ಮೊದಲೇ ಮುಗಿಸಿಬಿಡುತ್ತದೆ ಎಂದು 1969ರಲ್ಲಿ ವಿಜ್ಞಾನಿಗಳಾದ ಡಾಲ್ಟನ್, ಪೋಸ್ಟ್‌ಗೇಟ್ ವಾದಿಸಿದರು. ‘ಸೈಟೋಕ್ರೋಮ್ ಬಿಡಿ’ ಎಂಬ ಉಸಿರಾಟದ ಕಿಣ್ವ ಕಳೆದುಕೊಂಡ ತಳಿಗಳಿಗೆ ಗಾಳಿಯಲ್ಲಿ ಸಾರಜನಕ ಹಿಡಿಯುವುದು ಸಾಧ್ಯವಿಲ್ಲವೆಂದು 1990ರಲ್ಲಿ ಗೊತ್ತಾದಾಗ ಪ್ರಶ್ನೆ ಬಗೆಹರಿದಂತೆ ಕಂಡಿತು. 2000ದಲ್ಲಿ ಜರ್ಮನಿಯ ಓಲ್ಜೆ ಅದನ್ನು ಮತ್ತೆ ತೆರೆದರು. ಆಮ್ಲಜನಕ ಒಂದು ಮಟ್ಟ ದಾಟಿದ ಮೇಲೆ ಉಸಿರಾಟ ಏರುವುದಿಲ್ಲ, ಸಾರಜನಕದ ಕೆಲಸ ಮಾತ್ರ ನಡೆಯುತ್ತಲೇ ಇರುತ್ತದೆ. ಹಾಗಿದ್ದರೆ ಕಿಣ್ವವನ್ನು ಕಾಯುತ್ತಿರುವುದು ಉಸಿರಾಟ ಒಂದೇನಾ? ನನ್ನ ನಿದ್ದೆ ಕೆಡಿಸಿರುವ ಪ್ರಶ್ನೆ ಇದು.

ಒಮ್ಮೆ ನಾಗಮಂಗಲದ ಕಡೆಯ ಹೊಲದಲ್ಲಿ ರೈತರೊಬ್ಬರು ಅಲಸಂದೆ ಗಿಡ ಕಿತ್ತು, ಬೇರಿನ ಗಂಟನ್ನು ಉಗುರಿನಲ್ಲಿ ಸೀಳಿ ನನ್ನ ಮುಂದೆ ಹಿಡಿದರು. "ಇದ್ಯಾಕ್ ಸಾ, ಒಳಗೆ ರಕ್ತ ಇದ್ದಂಗದೆ?" ಎಂದರು. ಆ ಕೆಂಪು ಲೆಗ್‌ಹಿಮೋಗ್ಲೋಬಿನ್ ಎಂಬ ಪ್ರೋಟೀನು. ಗಂಟಿನೊಳಗಿನ ರೈಜೋಬಿಯಂಗೆ ಗಿಡವೇ ಸಕ್ಕರೆ ಕೊಡುತ್ತದೆ, ಆ ಪ್ರೋಟೀನಿನ ಮೂಲಕ ಆಮ್ಲಜನಕವನ್ನೂ ಅಳೆದು ಕೊಡುತ್ತದೆ. ಅಜಟೋಬ್ಯಾಕ್ಟರ್‌ಗೆ ಅಂಥ ಮನೆಯಿಲ್ಲ. ಬೇರು ಸೋರಿಸಿದ್ದೋ, ಬೇರೆ ಜೀವಿಗಳು ಕೊಳೆಸಿ ಬಿಟ್ಟದ್ದೋ ಸಿಕ್ಕಿದರೆ ಉಂಟು.

ನಮ್ಮ ಕ್ಷೇತ್ರ ದಾರಿ ತಪ್ಪಿದ್ದು ಇಲ್ಲೇ ಎಂಬುದು ನನ್ನ ಬಹುಕಾಲದ ನಂಬಿಕೆ. ಜೈವಿಕ ಗೊಬ್ಬರವಾಗಿ ಮಾರುವ ಅಜಟೋಬ್ಯಾಕ್ಟರ್‌ಗೆ ರಸಗೊಬ್ಬರ ನಿಯಂತ್ರಣ ಆದೇಶ ಇಟ್ಟಿರುವ ಗುಣಮಟ್ಟ ನೋಡಿ: ಪುಡಿಯ ಪೊಟ್ಟಣದಲ್ಲಿ ಗ್ರಾಮಿಗೆ 5 ಕೋಟಿ ಜೀವಕೋಶ, ಉಂಡ ಪ್ರತಿ ಗ್ರಾಂ ಸುಕ್ರೋಸಿಗೆ ಕನಿಷ್ಠ 10 ಮಿಲಿಗ್ರಾಂ ಸಾರಜನಕ. ಆ ಲೆಕ್ಕದಲ್ಲಿ ಒಂದು ಕಿಲೋ ಸಾರಜನಕಕ್ಕೆ ನೂರು ಕಿಲೋ ಸಕ್ಕರೆ ಬೇಕು! ಫ್ಲಾಸ್ಕಿನಲ್ಲಿ ನಾವೇ ಸುರಿಯುತ್ತೇವೆ. ಹೊಲದಲ್ಲಿ ಸುರಿಯುವವರು ಯಾರು? ಪೊಟ್ಟಣದಲ್ಲಿ ಎಷ್ಟು ಜೀವವಿದೆ ಎಂದು ಎಣಿಸಿದೆವು. ಅದು ಮಣ್ಣಿಗೆ ಬಿದ್ದ ಮೇಲೆ ಏನನ್ನು ಉರಿಸಿ ಉಸಿರಾಡಬೇಕು ಎಂದು ಕೇಳಲಿಲ್ಲ.

ಮಳೆ ನಂಬಿದ ನಾಗಮಂಗಲದ ಕೆಂಪು ಮಣ್ಣಿನಲ್ಲಿ ಗಾಳಿ ಧಾರಾಳ, ಸಾವಯವ ಇಂಗಾಲ ಕಡಿಮೆ. ವಿಶ್ವೇಶ್ವರಯ್ಯ ನಾಲೆಯ ಕೆಳಗೆ ನೀರು ನಿಂತ ಭತ್ತದ ಗದ್ದೆಯಲ್ಲಿ ಆಮ್ಲಜನಕ ಉಳಿಯುವುದು ಮೇಲಿನ ತೆಳು ಪದರದಲ್ಲಿ ಮತ್ತು ಬೇರಿನ ಸುತ್ತ ಮಾತ್ರ. ಎರಡಕ್ಕೂ ಒಂದೇ ಪೊಟ್ಟಣ, ಒಂದೇ ಶಿಫಾರಸು. ಇತ್ತ ಕಬ್ಬು ಕಟಾವಾದ ಮೇಲೆ ತರಗಿಗೆ ಬೆಂಕಿ ಇಡುತ್ತೇವೆ. ಕೊಳೆತು ಜೀವಾಣುಗಳ ಹೊಟ್ಟೆ ಸೇರಬೇಕಾದ ಇಂಗಾಲ ಒಂದು ಸಂಜೆಯಲ್ಲಿ ಹೊಗೆಯಾಗಿ ಹೋಗುತ್ತದೆ. ರೈತ ಬಂಧುಗಳೇ, ಈ ಮಾತು ನಿಮ್ಮ ಮೇಲಿನ ಆಕ್ಷೇಪವಲ್ಲ. ಬೆಂಕಿ ಬಿಟ್ಟು ಬೇರೆ ದಾರಿಯನ್ನು ನಿಮ್ಮ ಕೈಗೆಟುಕುವಂತೆ ಮಾಡದಿದ್ದುದು ನಮ್ಮಂಥವರ ಹೊಣೆ.

ಮಧ್ಯಾಹ್ನ ಇಳುವರಿಯ ಪಟ್ಟಿ ಮಂಡಿಸುವ ಕಿರಿಯ ಮಿತ್ರರಲ್ಲಿ ನನ್ನದೊಂದು ಕೋರಿಕೆ. ಪ್ರತಿ ಅಂಕಿಯ ಪಕ್ಕದಲ್ಲಿ ಆ ಮಣ್ಣಿನ ಸಾವಯವ ಇಂಗಾಲ ಎಷ್ಟಿತ್ತು, ಆಮ್ಲಜನಕ ಎಷ್ಟಿತ್ತು ಎಂದೂ ಹೇಳಿ. ಅಳೆದಿಲ್ಲವಾದರೆ ಮುಂದಿನ ಹಂಗಾಮಿಗೆ ಆಮ್ಲಜನಕ ಅಳೆಯುವ ಎಲೆಕ್ಟ್ರೋಡನ್ನು ಫ್ಲಾಸ್ಕಿನಿಂದ ತೆಗೆದು, ತರಗು ಸುಟ್ಟ ಒಂದು ಕೂಳೆ ಕಬ್ಬಿನ ಸಾಲಿಗೂ ಸುಡದ ಇನ್ನೊಂದು ಸಾಲಿಗೂ ಇಳಿಸಿ ನೋಡಿ.