ಲಾರಿ ಒರಿಜಿನಲ್ಲಾ? ಮೊದ್ಲು ನಂಬರ್ ಪ್ಲೇಟ್ ಓದಿ

ಇವತ್ತಿನ ಸಂಚಿಕೆ ಒಂದು ಹಳೇ ಲಾರಿ ಬಗ್ಗೆ. ಅದಕ್ಕೆ ಹತ್ತು ಸಾವಿರ ಅಡ್ವಾನ್ಸ್ ಕಳಿಸೋಕೆ ನಾನು ಯುಪಿಐ ಪಿನ್ ಒತ್ತೋದೊಂದೇ ಬಾಕಿ ಇತ್ತು.

ನಮ್ಮಪ್ಪ ಹುಡುಗನಾಗಿದ್ದಾಗ ಕೊಳ್ಳೇಗಾಲದಿಂದ ಹನೂರು, ರಾಮಾಪುರದ ಕಡೆ ಲೋಡ್ ಹೊಡೀತಿದ್ದ ಲಾರಿಯಲ್ಲಿ ಕ್ಲೀನರ್. ಮೂತಿ ಮೇಲೆ ನಕ್ಷತ್ರ ಇದ್ದ ಟಾಟಾ ಮರ್ಸಿಡಿಸ್ ಬೆಂಜ್ ಗಾಡಿ. ಅಂಥದ್ದೊಂದನ್ನ ಮತ್ತೆ ಅವರ ಕಣ್ಣ ಮುಂದೆ ನಿಲ್ಲಿಸಬೇಕು ಅನ್ನೋದು ನನ್ನ ಆಸೆ. ಒಂದು ರಾತ್ರಿ ಮೊಬೈಲ್‌ನಲ್ಲಿ ಜಾಹೀರಾತು ಸಿಕ್ತು: ‘1955ರ ಮಾಡೆಲ್, ಕೊಳ್ಳೇಗಾಲದ ಗಾಡಿ, ಮೊದಲಿಂದ ಇದೇ ನಂಬರ್, ನೂರಕ್ಕೆ ನೂರು ಒರಿಜಿನಲ್.’ ನಂಬರ್ ಶುರುವಾಗೋದು ‘ಎಂವೈ’ ಅಂತ. ಅಂದ್ರೆ ಮೈಸೂರು ರಾಜ್ಯ.

ಫೋಟೊ ತೋರಿಸಿದೆ. ಅಪ್ಪ ಕನ್ನಡಕ ಏರಿಸಿ ನೋಡಿ, “ಏನ್ಲಾ ಇದು? ಆವಾಗ ನಮ್ಮೂರು ಕೊಯಮತ್ತೂರು ಜಿಲ್ಲೆ ಕಣೋ” ಅಂದ್ರು.

ಹೌದಲ್ವಾ! ಹನೂರೂ ಸೇರಿದ ಕೊಳ್ಳೇಗಾಲ ತಾಲ್ಲೂಕು 1956ರ ನವೆಂಬರ್ 1ರವರೆಗೆ ಮದ್ರಾಸ್ ರಾಜ್ಯದಲ್ಲಿತ್ತು. ಪಕ್ಕದ ಯಳಂದೂರು ಮಾತ್ರ ಮೈಸೂರು ರಾಜ್ಯ. 1955ರಲ್ಲಿ ಯಳಂದೂರಿನ ಲಾರಿಗೆ ‘ಎಂವೈ’ ಇದ್ರೆ ಸರಿ. ಕೊಳ್ಳೇಗಾಲದ ಲಾರಿಗೆ ಇರಬೇಕಾದ್ದು ಮದ್ರಾಸಿನ ಅಕ್ಷರ. ಆಮೇಲೆ ನಂಬರ್ ಬದಲಾಗಿರಬಹುದು, ಅದು ತಪ್ಪಲ್ಲ. ಆದರೆ ಆಗ ‘ಮೊದಲಿಂದ ಇದೇ ನಂಬರ್’ ಅನ್ನೋ ಮಾತು ನಿಲ್ಲಲ್ಲ. ಹಾಗೇ ಅರವತ್ತರ ದಶಕದ ಗಾಡಿಗೆ ‘ಕೆಎ’ ಪ್ಲೇಟ್ ಇದ್ರೂ ಕೇಳಿ: ಹಳೇ ನಂಬರ್ ಯಾವ್ದು? ‘ಕೆಎ’ ಸರಣಿ ಬಂದಿದ್ದು 1989ರಲ್ಲಿ ಹೊಸ ಮೋಟಾರು ವಾಹನ ಕಾಯ್ದೆ ಜಾರಿಯಾದ ಮೇಲೆ.

ಎರಡನೇದು ನಕ್ಷತ್ರ. ಟಾಟಾದವರು ಜರ್ಮನಿಯ ಡೈಮ್ಲರ್ ಬೆಂಜ್ ಜೊತೆ ಕೈಜೋಡಿಸಿದ್ದು 1954ರಲ್ಲಿ, ಒಪ್ಪಂದ ಮುಗಿದಿದ್ದು 1969ರಲ್ಲಿ. ಎಪ್ಪತ್ತರ ದಶಕದ ಕೊನೆಯ ಗಾಡಿ ಮೇಲೆ ನಕ್ಷತ್ರ ಹೊಳೀತಿದ್ರೆ ಅದು ಆಮೇಲೆ ಅಂಟಿಸಿದ್ದು.

ಮೂರನೇದು ಬಾಡಿ. ‘ಕಂಪನಿ ಬಾಡಿ’ ಅಂದ್ರೆ ಮರುಳಾಗ್ಬೇಡಿ. ಆಗೆಲ್ಲ ಕಂಪನಿಯಿಂದ ಸಾಮಾನ್ಯವಾಗಿ ಬರ್ತಿದ್ದು ಚಾಸಿ, ಇಂಜಿನ್, ಮೂತಿ ಅಷ್ಟೆ. ಹಿಂದಿನ ಮರದ ಬಾಡಿ ಕಟ್ತಿದ್ದೋರು ನಮ್ಮ ಕಡೆಯ ಬಡಗಿಗಳು, ಕಮ್ಮಾರರು. ಹಲಗೆ ಬದಲಾಗಿದ್ರೆ ಚಿಂತೆ ಇಲ್ಲ. ಚಾಸಿ ನಂಬರ್ ಆರ್‌ಸಿ ಬುಕ್ಕಿಗೆ ಹೊಂದಬೇಕು. ಇಂಜಿನ್ ಬದಲಾಗಿದ್ರೆ ಅದೂ ಆರ್‌ಸಿಯಲ್ಲಿ ಬರೆದಿರಬೇಕು.

ನಾಲ್ಕನೇದು, ‘ವಿಂಟೇಜ್ ರಿಜಿಸ್ಟ್ರೇಷನ್ ಮಾಡಿಸಿಕೊಡ್ತೀವಿ’ ಅನ್ನೋ ಆಸೆ. 2021ರಲ್ಲಿ ಕೇಂದ್ರ ಸರ್ಕಾರ ತಂದ ಆ ನಿಯಮ 50 ವರ್ಷ ದಾಟಿದ, ಸ್ವಂತ ಬಳಕೆಯ ದ್ವಿಚಕ್ರ ವಾಹನ ಮತ್ತು ಕಾರುಗಳಿಗೆ. ಸರಕು ಲಾರಿಗೆ ಅಲ್ಲ.

ಅಪ್ಪನೇ ಒಂದು ಉಪಾಯ ಹೇಳಿದ್ರು: “ಚಾಸಿ ನಂಬರ್ ಮೇಲೆ ಚಾಕ್‌ಪೀಸ್ ಉಜ್ಜಿ ವಿಡಿಯೊ ಕಳ್ಸು ಅನ್ನು.” ಚಾಕ್ ಪುಡಿ ಅಕ್ಷರದ ಗುಳಿಯಲ್ಲಿ ಕೂತ್ರೆ ನಂಬರ್ ಎದ್ದು ಕಾಣುತ್ತೆ. ಉಜ್ಜಿ ಅಳಿಸಿ ಮತ್ತೆ ಕೊರೆದಿದ್ರೆ ಸುತ್ತಲಿನ ಗೀರೂ ಕಾಣುತ್ತೆ.

ಆ ವಿಡಿಯೊನೂ, ಹಳೇ ನಂಬರಿನ ಕಾಗದಾನೂ ಕೇಳಿ ಮೆಸೇಜ್ ಹಾಕಿದೆ. ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ. ಎರಡು ದಿನದಲ್ಲಿ ಜಾಹೀರಾತೇ ಮಾಯ. ಗಾಡಿ ಅಸಲಿಯೋ ನಕಲಿಯೋ ನಾನು ಹೇಳಲಾರೆ. ಕಾಗದ ತೋರಿಸದವರಿಗೆ ದುಡ್ಡು ಕಳಿಸಲಿಲ್ಲ, ಅಷ್ಟೆ.

“ಹೋಗ್ಲಿ ಬುಡು” ಅಂದ್ರು ಅಪ್ಪ. ಆದ್ರೂ ಆ ಫೋಟೊನ ಅವರ ಫೋನಿಗೆ ಹಾಕಿಸ್ಕೊಂಡ್ರು. ಆಮೇಲೆ ಒಂದು ಗಂಟೆ ಅವರ ಲಾರಿ ಬಗ್ಗೆನೇ ಮಾತಾಡಿದ್ರು. ನಾನು ಅಷ್ಟೂ ರೆಕಾರ್ಡ್ ಮಾಡ್ಕೊಂಡೆ.

ನಿಮ್ಮನೇಲೂ ಅಂಥೋರೊಬ್ಬರು ಇದ್ರೆ ಅಡ್ವಾನ್ಸ್ ಕಳಿಸೋ ಮುಂಚೆ ಫೋಟೊ ಅವರಿಗೆ ತೋರಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.